ಪರೋಟಕ್ಕೆ ಒಂದು ಸಾಲು

ಜಯನಗರದ ಆ ಕಚೇರಿಯಲ್ಲಿ ನಾನು ನೋಡಿದ್ದು ಒಂದು ಎಕ್ಸೆಲ್ ಹಾಳೆ, ಅಷ್ಟೆ. ಆದರೂ ವಾರದಿಂದ ಸಿಕ್ಕಸಿಕ್ಕವರಿಗೆಲ್ಲ ಅದರ ಕಥೆಯನ್ನೇ ಹೇಳುತ್ತಿದ್ದೇನೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಕಂಪನಿ ಅದು. ಹಾಳೆಯ ಮುಂದೆ ಕೂತಿದ್ದವರು ಲೆಕ್ಕಪತ್ರ ನೋಡುವ ಮೇಡಂ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ತಾವೇನು ಮಾಡಿದೆವೆಂದು ತೋರಿಸಿದರು: ಪರೋಟದ ಸಾಲಿನ ಕೆಳಗೆ ಹೊಸದೊಂದು ಸಾಲು, ಅದರಲ್ಲಿ ಒಂದು ಸೊನ್ನೆ. ‘ಕೋಡ್ ಮುಟ್ಟೇ ಇಲ್ಲ ಸಾರ್’ ಎಂದರು. ಆ ದನಿಯಲ್ಲಿದ್ದ ಹೆಮ್ಮೆ ನನಗೆ ಬಹಳ ಹಿಡಿಸಿತು.

ಆ ಹಾಳೆಯನ್ನು ಓದಿ ತೀರ್ಮಾನ ಹೇಳುವುದು ಡ್ರೂಲ್ಸ್ ಎಂಬ ರೂಲ್ ಎಂಜಿನ್. ಒಂದಷ್ಟು ಕಾಲಂ ಷರತ್ತುಗಳಿಗೆ, ಉಳಿದವು ಫಲಕ್ಕೆ. ಬಿಲ್ ಮುದ್ರಿಸುವ ಪ್ರೋಗ್ರಾಂಗೆ ತೆರಿಗೆಯ ಗೊಡವೆಯೇ ಇಲ್ಲ. ಕೇಳುತ್ತದೆ, ಉತ್ತರ ಪಡೆಯುತ್ತದೆ.

ಪರೋಟದ ಸಂಗತಿ ಗೊತ್ತಲ್ಲ? ಪೊಟ್ಟಣದ ಪರೋಟವೂ ರೊಟ್ಟಿಯೇ ಅಲ್ಲವೇ ಎಂಬ ಪ್ರಶ್ನೆ 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಬಂದಿತ್ತು. ರೊಟ್ಟಿ, ಚಪಾತಿಯನ್ನು ಹಾಗೇ ತಿನ್ನಬಹುದು, ಇದನ್ನು ಕಾಯಿಸಿಯೇ ತಿನ್ನಬೇಕು. ಆದ್ದರಿಂದ ಶೇ 5 ಅಲ್ಲ, ಶೇ 18 ಎಂದಿತು ಪ್ರಾಧಿಕಾರ. ನಿನ್ನೆಯ ಚಪಾತಿಯನ್ನು ಕಾವಲಿಯ ಮೇಲೆ ಹಾಕದೆ ತಿಂದವರು ಯಾರೋ! ಪಾಪ್‌ಕಾರ್ನ್ ಇನ್ನೂ ಸೊಗಸು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಕೊಟ್ಟ ಸ್ಪಷ್ಟನೆ ಇದು: ಉಪ್ಪು ಖಾರ ಹಾಕಿ ಬಿಡಿಯಾಗಿ ಮಾರಿದರೆ ಶೇ 5, ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದರೆ 12, ಕ್ಯಾರಮೆಲ್ ಬಳಿದರೆ 18. ಇಂಥದ್ದನ್ನು ಕೋಡಿನೊಳಗೆ ‘ಹೀಗಿದ್ದರೆ ಹಾಗೆ’ ಎಂದು ಹುದುಗಿಸಿಟ್ಟ ಪ್ರೋಗ್ರಾಮರ್ ಕೆಲಸ ಬಿಟ್ಟು ಹೋದರೆ, ಉಳಿದವರಿಗೆ ಅದು ನಿಧಿಶೋಧ.

ಇಂಥ ರೂಲ್ ಎಂಜಿನ್‌ಗಳ ಹಿಂದಿನ ಕಥೆ ಚಿಕ್ಕದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫೋರ್ಗಿ 1979ರ ಪಿಎಚ್‌.ಡಿ. ಪ್ರಬಂಧದಲ್ಲಿ ರೀಟೆ ಎಂಬ ವಿಧಾನ ವಿವರಿಸಿದರು. ಲ್ಯಾಟಿನ್‌ನಲ್ಲಿ ಹಾಗೆಂದರೆ ಬಲೆ. ಹಲವು ನಿಯಮಗಳಿಗೆ ಸಮಾನವಾದ ಷರತ್ತನ್ನು ಒಮ್ಮೆಯೇ ನೋಡಿ, ಹಿಂದೆ ಹೊಂದಿದ್ದನ್ನು ನೆನಪಿಟ್ಟು, ಬದಲಾದದ್ದನ್ನಷ್ಟೇ ಬಲೆಗೆ ಬಿಡುವ ಜಾಣತನ. ಡಿಇಸಿ ಕಂಪನಿ ತನ್ನ ವ್ಯಾಕ್ಸ್ ಕಂಪ್ಯೂಟರುಗಳ ಬಿಡಿಭಾಗ ಹೊಂದಿಸಲು ಎಕ್ಸ್‌ಕಾನ್ ಎಂಬ ನಿಯಮ ವ್ಯವಸ್ಥೆಯನ್ನು ಬಳಸಿತು. ಡ್ರೂಲ್ಸ್ ಹುಟ್ಟಿದ್ದು 2001ರಲ್ಲಿ. ಇಂಥದ್ದೇ ಎಂಜಿನ್ ಮಾಡುತ್ತಿದ್ದ ಫ್ರಾನ್ಸಿನ ಐಲಾಗ್ ಕಂಪನಿಯನ್ನು 2009ರಲ್ಲಿ ಐಬಿಎಂ ಕೊಂಡಿತು.

‘ಇನ್ನು ಪ್ರೋಗ್ರಾಮರ್ ಬೇಡ’ ಎಂದು ಮಾರಾಟಗಾರರು ಹೇಳುವುದನ್ನು ಮಾತ್ರ ನಾನು ನಂಬುವುದಿಲ್ಲ. ಎಕ್ಸ್‌ಕಾನ್‌ನ ನಿಯಮಗಳು ಸಾವಿರಗಟ್ಟಲೆ ಬೆಳೆದು, ಅವನ್ನು ಸಾಕುವುದೇ ದೊಡ್ಡ ಕೆಲಸವಾಯಿತು. ನಲವತ್ತನೆಯ ಸಾಲು ಒಂದು ಹೇಳಿ ನೂರನೆಯದು ಇನ್ನೊಂದು ಹೇಳಿದರೆ ಯಾರ ಮಾತು ನಡೆಯಬೇಕು? ಅದನ್ನು ಮೊದಲೇ ಗೊತ್ತುಮಾಡಿಡಬೇಕು. ಮೇಡಂ ಕೂಡ ಬದಲಿಸಿದ ಹಾಳೆಯನ್ನು ಪರೀಕ್ಷೆಗೆಂದು ಪಕ್ಕದ ಮೇಜಿನ ಹುಡುಗನಿಗೆ ಕೊಟ್ಟೇ ಮುಂದಿನ ಮಾತು.

ಪರೋಟದ 18ರ ಸಾಲನ್ನು ಅವರು ಅಳಿಸಿಲ್ಲ. ಹಳೆಯ ಬಿಲ್ಲಿನ ಸರಕು ವಾಪಸ್ ಬಂದರೆ ಹಳೆಯ ದರವೇ ಬೇಕು. ಆ ಸಾಲಿನ ಕೊನೆಯ ಕಾಲಂನಲ್ಲಿ ಈಗ ಒಂದು ದಿನಾಂಕವಿದೆ: 21 ಸೆಪ್ಟೆಂಬರ್ 2025.