ಬೆನ್ನ ಮೇಲಿನ ನಂಬರ್ ಯಾರ ಸ್ವತ್ತು?

ಅಮೆರಿಕದ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡಕ್ಕೆ ಇವತ್ತು ಎಷ್ಟೇ ದೊಡ್ಡ ಆಟಗಾರ ಬರಲಿ, ಕೋಟಿ ಕೋಟಿ ಸಂಬಳ ಕೇಳಿದರೆ ಕೊಡ್ತಾರೆ. ಆದರೆ 'ನನ್ನ ಜರ್ಸಿಗೆ 1ರಿಂದ 9ರೊಳಗಿನ ಒಂದು ನಂಬರ್ ಕೊಡಿ' ಅಂದರೆ ಮಾತ್ರ ಆಗಲ್ಲ. ಆ ಒಂಬತ್ತೂ ನಂಬರ್‌ಗಳಿಗೆ ತಂಡ ಬೀಗ ಹಾಕಿಟ್ಟಿದೆ. ಯಾಕೆ? ಈ ಪ್ರಶ್ನೆಯ ಹಿಂದೆ ಒಂದು ಶತಮಾನದ ಕಥೆಯೇ ಇದೆ.

1929ರಲ್ಲಿ ಯಾಂಕೀಸ್ ತಂಡ ಆಟಗಾರರ ಬೆನ್ನಿಗೆ ನಂಬರ್ ಹಾಕಿಸಿದ್ದು ಯಾರನ್ನೋ ಗೌರವಿಸೋಕಲ್ಲ, ದೂರ ಕೂತ ಪ್ರೇಕ್ಷಕರಿಗೆ ಗುರುತು ಸಿಗಲಿ ಅಂತ. ಲೆಕ್ಕವೂ ಸರಳ. ಬ್ಯಾಟಿಂಗ್‌ಗೆ ಮೊದಲು ಬರೋ ಅರ್ಲ್ ಕೂಂಬ್ಸ್‌ಗೆ 1, ಮೂರನೆಯವನಾಗಿ ಬರೋ ಬೇಬ್ ರೂತ್‌ಗೆ 3, ನಾಲ್ಕನೆಯವನಾಗಿ ಬರೋ ಲೂ ಗೆರಿಗ್‌ಗೆ 4. ರೇಷನ್ ಅಂಗಡಿ ಕ್ಯೂನಲ್ಲಿ ಟೋಕನ್ ಕೊಟ್ಟ ಹಾಗೆ, ಅಷ್ಟೇ.

ಆ ಟೋಕನ್ ಪೂಜೆಯ ವಸ್ತುವಾಗಿದ್ದು ಹೇಗೆ? ಗೆರಿಗ್‌ನಿಂದ. ಒಂದಲ್ಲ ಎರಡಲ್ಲ, ಸತತ 2,130 ಪಂದ್ಯ ಆಡಿದ ಮನುಷ್ಯ. ಒಂದು ದಿನವೂ ರಜೆ ಇಲ್ಲ. 1939ರಲ್ಲಿ ಅವನ ಕೈಕಾಲಿನ ಶಕ್ತಿಯೇ ಸೋರಿಹೋಗತೊಡಗಿತು. ನರಗಳನ್ನು ತಿನ್ನುವ, ಔಷಧವಿಲ್ಲದ ಕಾಯಿಲೆ. ಅಮೆರಿಕದಲ್ಲಿ ಇವತ್ತಿಗೂ ಆ ರೋಗವನ್ನು ಅವನ ಹೆಸರಿನಿಂದಲೇ ಕರೀತಾರೆ. ಇನ್ಮುಂದೆ 4ನೇ ನಂಬರ್ ಯಾರಿಗೂ ಇಲ್ಲ ಅಂತ ತಂಡ ತೀರ್ಮಾನಿಸಿತು. ದೊಡ್ಡ ಲೀಗ್ ಬೇಸ್‌ಬಾಲ್‌ನಲ್ಲಿ ನಿವೃತ್ತಿಯಾದ ಮೊದಲ ನಂಬರ್ ಅದು. 1941ರಲ್ಲಿ ಗೆರಿಗ್ ತೀರಿಕೊಂಡ. ಯಾಂಕೀಸ್ ಜರ್ಸಿಯಲ್ಲಿ 4 ಹಾಕಿದ ಇನ್ನೊಬ್ಬ ಆಟಗಾರ ಇಲ್ಲವೇ ಇಲ್ಲ.

ಸರಿ, ಈಗ ಅಭಿಮಾನಿಗಳ ಅಚ್ಚುಮೆಚ್ಚಿನ ಜಗಳಕ್ಕೆ ಬರೋಣ. ಒಂದೊಂದು ನಂಬರ್‌ನಲ್ಲೂ ಆಡಿದವರ ಪೈಕಿ ಬೆಸ್ಟ್ ಯಾರು? ಕೆಲವಕ್ಕೆ ಉತ್ತರ ನಾಲಿಗೆ ತುದಿಯಲ್ಲೇ ಇದೆ. 3 ಅಂದ್ರೆ ಬೇಬ್ ರೂತ್, ವೃತ್ತಿಜೀವನದಲ್ಲಿ 714 ಹೋಮ್ ರನ್. ಹೋಮ್ ರನ್ ಅಂದ್ರೆ ನಮ್ಮ ಸಿಕ್ಸರ್ ಇದ್ದ ಹಾಗೆ ಅಂದುಕೊಳ್ಳಿ. 5 ಅಂದ್ರೆ ಜೋ ಡಿಮ್ಯಾಜಿಯೊ, 1941ರಲ್ಲಿ ಸತತ 56 ಪಂದ್ಯಗಳಲ್ಲಿ ಹಿಟ್ ಗಳಿಸಿದವನು. 2 ಅಂದ್ರೆ ಡೆರೆಕ್ ಜೀಟರ್, 3,465 ಹಿಟ್. 8ಕ್ಕೆ ಮಾತ್ರ ಇಬ್ಬರು: ಬಿಲ್ ಡಿಕಿ ಮತ್ತು ಯೋಗಿ ಬೆರಾ, ಇಬ್ಬರೂ ಕ್ಯಾಚರ್‌ಗಳು. ತಂಡ ತಲೆ ಕೆಡಿಸಿಕೊಳ್ಳಲಿಲ್ಲ, 1972ರಲ್ಲಿ ಇಬ್ಬರ ಹೆಸರಲ್ಲೂ ನಿವೃತ್ತಿ ಕೊಟ್ಟಿತು.

ಆದರೆ 1 ಮತ್ತು 6ಕ್ಕೆ ಬನ್ನಿ, ಲೆಕ್ಕ ತಪ್ಪುತ್ತೆ. 1ನೇ ನಂಬರ್ ನಿವೃತ್ತಿಯಾಗಿದ್ದು ಬಿಲ್ಲಿ ಮಾರ್ಟಿನ್ ಹೆಸರಲ್ಲಿ. ಬ್ಯಾಟ್ ಹಿಡಿದರೆ ಆತ ಸಾಧಾರಣ ಆಟಗಾರ. ಆದರೆ ಜಗಳಗಂಟ ಮ್ಯಾನೇಜರ್ ಆಗಿ ನ್ಯೂಯಾರ್ಕ್‌ನ ಮನಸ್ಸು ಗೆದ್ದವನು. ಅದೇ 1 ಹಾಕಿದ್ದ ಕೂಂಬ್ಸ್ ಆತನಿಗಿಂತ ಎಷ್ಟೋ ಪಾಲು ಮೇಲಾದ ಬ್ಯಾಟ್ಸ್‌ಮನ್, ಹಾಲ್ ಆಫ್ ಫೇಮ್ ಸೇರಿದವನು. 6 ನಿವೃತ್ತಿಯಾಗಿದ್ದು ಜೋ ಟೋರಿ ಹೆಸರಲ್ಲಿ. ಆತ ಯಾಂಕೀಸ್ ಪರ ಒಂದು ಪಂದ್ಯವನ್ನೂ ಆಡಿಲ್ಲ! ಮ್ಯಾನೇಜರ್ ಆಗಿ ನಾಲ್ಕು ವಿಶ್ವ ಸರಣಿ ಗೆಲ್ಲಿಸಿಕೊಟ್ಟವನು. 6 ಹಾಕಿ ಆಡಿದ ಟೋನಿ ಲಝೇರಿ ಹೆಸರು ಎಷ್ಟು ಜನರಿಗೆ ನೆನಪಿದೆ?

ಇಲ್ಲೇ ಇರೋದು ನೋಡಿ ವಿಷಯ. ಬೆಸ್ಟ್ ಯಾರು ಅನ್ನೋದು ಒಂದು ಪಟ್ಟಿ. ಯಾರನ್ನು ಮರೆಯಬಾರದು ಅನ್ನೋದು ಇನ್ನೊಂದು ಪಟ್ಟಿ. ಮೊದಲನೆಯದನ್ನು ಅಂಕಿಅಂಶ ಬರೆಯುತ್ತೆ, ಎರಡನೆಯದನ್ನು ಪ್ರೀತಿ ಬರೆಯುತ್ತೆ. ಪ್ರೀತಿ ಬರೆದ ಪಟ್ಟಿಯಲ್ಲಿ ಅನ್ಯಾಯವೂ ಆಗುತ್ತೆ.

ಕ್ಲಿಫ್ ಮೇಪ್ಸ್ ಅಂತ ಒಬ್ಬ ಆಟಗಾರನಿದ್ದ. ರೂತ್ ತಂಡ ಬಿಟ್ಟು ವರ್ಷಗಳಾದ ಮೇಲೆ ಅವನಿಗೆ 3 ಸಿಕ್ಕಿತ್ತು. 1948ರಲ್ಲಿ, ರೂತ್ ಸಾಯೋಕೆ ಎರಡು ತಿಂಗಳ ಮೊದಲು, 3ಕ್ಕೆ ನಿವೃತ್ತಿ ಕೊಟ್ಟರು. ಮೇಪ್ಸ್ ಬಿಟ್ಟುಕೊಟ್ಟ. ಮುಂದೆ 7 ಹಾಕಿಕೊಂಡ. 1951ರಲ್ಲಿ ಅವನನ್ನೇ ಬೇರೆ ತಂಡಕ್ಕೆ ಕಳಿಸಿದರು. ಆ 7 ಹೋಗಿದ್ದು ಮಿಕಿ ಮ್ಯಾಂಟಲ್ ಅನ್ನೋ ಹುಡುಗನಿಗೆ. 536 ಹೋಮ್ ರನ್ ಹೊಡೆದ ಆತನ ಹೆಸರಲ್ಲಿ 7ಕ್ಕೂ ಬೀಗ ಬಿತ್ತು. ಎರಡೂ ನಂಬರ್ ಹೊತ್ತ ಮೇಪ್ಸ್ ಮಾತ್ರ ಅಡಿಟಿಪ್ಪಣಿಯಾದ.

ಗೌರವಕ್ಕೆ ಬೀಗವೊಂದೇ ದಾರಿಯಾ? ಅಲ್ಲ. 42ನ್ನೇ ನೋಡಿ. 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದು, ಕಪ್ಪು ಜನರಿಗೆ ಮುಚ್ಚಿದ್ದ ಬಾಗಿಲು ಒಡೆದ ಜಾಕಿ ರಾಬಿನ್ಸನ್ ನಂಬರ್ ಅದು. 1997ರಲ್ಲಿ ಅದನ್ನು ಎಲ್ಲಾ ತಂಡಗಳಲ್ಲೂ ನಿವೃತ್ತಿಗೊಳಿಸಿದರು. ಆಗಲೇ 42 ಹಾಕಿಕೊಂಡಿದ್ದವರು ಮುಂದುವರಿಯಬಹುದು ಅಂದರು. ಅವರಲ್ಲಿ ಕೊನೆಯವನು ಯಾಂಕೀಸ್‌ನ ಮರಿಯಾನೊ ರಿವೆರಾ. ಗೆಲ್ಲೋ ಪಂದ್ಯ ಕೈಜಾರದಂತೆ ಕೊನೆಗೆ ಬಂದು ಕಾಪಾಡೋದು ಆತನ ಕೆಲಸ. ಹಾಗೆ ಕಾಪಾಡಿದ್ದು 652 ಸಲ, ಅದು ದಾಖಲೆ. ಈಗ ಪ್ರತಿ ವರ್ಷ ಏಪ್ರಿಲ್ 15ರಂದು ಎಲ್ಲಾ ಆಟಗಾರರ ಬೆನ್ನ ಮೇಲೂ 42. ಅಂದ್ರೆ, ಒಂದು ನಂಬರನ್ನು ಯಾರಿಗೂ ಕೊಡದೆಯೂ ಗೌರವಿಸಬಹುದು, ಎಲ್ಲರಿಗೂ ಕೊಟ್ಟೂ ಗೌರವಿಸಬಹುದು.

ಈ ಪದ್ಧತಿ ನಮಗೂ ಹೊಸದಲ್ಲ. 2023ರಲ್ಲಿ ನಮ್ಮ ಆರ್‌ಸಿಬಿ ಎಬಿ ಡಿವಿಲಿಯರ್ಸ್‌ನ 17, ಕ್ರಿಸ್ ಗೇಲ್‌ನ 333 ಎರಡನ್ನೂ ನಿವೃತ್ತಿಗೊಳಿಸಿತಲ್ವಾ?

ಕೊನೆಗೊಂದು ಮಾತು. ರೂತ್ 1927ರಲ್ಲಿ ಒಂದೇ ಸೀಸನ್‌ನಲ್ಲಿ 60 ಹೋಮ್ ರನ್ ಹೊಡೆದಿದ್ದ. 1961ರಲ್ಲಿ 9ನೇ ನಂಬರಿನ ರೋಜರ್ ಮ್ಯಾರಿಸ್ 61 ಹೊಡೆದ. ಅಮೆರಿಕನ್ ಲೀಗ್‌ನ ಆ ದಾಖಲೆಯನ್ನು 2022ರಲ್ಲಿ 62 ಹೊಡೆದು ಮುರಿದವನು ಯಾಂಕೀಸ್‌ನ ಆರನ್ ಜಡ್ಜ್. ಅವನ ನಂಬರ್ 99. ಅಭ್ಯಾಸ ಶಿಬಿರದಲ್ಲಿ, ತಂಡ ಸೇರ್ತಾರೋ ಇಲ್ವೋ ಗೊತ್ತಿಲ್ಲದ ಹುಡುಗರಿಗೆ ಕೊಡೋ ದೊಡ್ಡ ನಂಬರ್ ಅದು. ಜಡ್ಜ್ ಅದನ್ನೇ ಇಟ್ಟುಕೊಂಡ. ಇವತ್ತು ಮಕ್ಕಳು ಅದೇ 99 ಬೇಕು ಅಂತ ಹಠ ಹಿಡೀತಾರೆ.

ಬೀಗ ಹಾಕಿದ ಕಪಾಟಿನಲ್ಲಿ ಇರೋದು ನಿನ್ನೆಯ ಹೀರೋಗಳು. ನಾಳೆಯ ಹೀರೋ, ಯಾರೂ ಕೇಳದ ನಂಬರ್ ಹಾಕಿಕೊಂಡು ಎಲ್ಲೋ ಬೆಂಚಿನ ಮೇಲೆ ಕೂತಿರ್ತಾನೆ.