ಕಂಪ್ನಿ ಮುಳುಗಿದರೆ ಪಾಲಿಸಿಗೇನು ಗತಿ?

ದೇವನೂರು: "ಕಂಪ್ನಿನೇ ಬಾಗ್ಲು ಹಾಕ್ಬುಟ್ರ ನಾವ್ ಕಟ್ಟಿದ್ ದುಡ್ಡು ಗೋತಾನ?" ನಂಜನಗೂಡು ಬಸ್ಸಿಗೆ ಕಾಯುವವರ ನಡುವೆ ಈ ಮಾತು ಎದ್ದರೆ ಟೀ ಅಂಗಡಿಯವರೂ ಕಿವಿಗೊಡುತ್ತಾರೆ. ಕೇಳುವುದು ನ್ಯಾಯವೇ.

ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 5 ಲಕ್ಷ ರೂ.ವರೆಗೆ ರಕ್ಷಣೆಯುಂಟು, 2020ರಿಂದ. ವಿಮಾ ಪಾಲಿಸಿಗೂ ಹಾಗೇ ಇದೆ ಎಂದು ಬಹಳ ಜನ ನಂಬಿದ್ದಾರೆ. ಇಲ್ಲ. ಎಲ್.ಐ.ಸಿ. ಮಾತು ಬೇರೆ, ಅದರ ಪಾಲಿಸಿ ಮೊತ್ತಕ್ಕೂ ಘೋಷಿಸಿದ ಬೋನಸ್ಸಿಗೂ 1956ರ ಕಾಯ್ದೆಯಲ್ಲೇ ಕೇಂದ್ರ ಸರ್ಕಾರದ ಖಾತರಿ ಇದೆ.

ಆ ಖಾತರಿ ಪುಕ್ಕಟೆ ಬಂದದ್ದಲ್ಲ. ಅದಕ್ಕೆ ಮುಂಚಿನ ಹತ್ತು ವರ್ಷದಲ್ಲಿ 25 ಜೀವವಿಮಾ ಕಂಪನಿಗಳು ದಿವಾಳಿ ಎದ್ದಿದ್ದವು. ಇನ್ನೂ 25 ಕಂಪನಿಗಳು ಹಣ ಪೋಲು ಮಾಡಿಕೊಂಡು ವ್ಯವಹಾರವನ್ನು ಬೇರೆಯವರ ಕೈಗೆ ಹಾಕಿದವು. ನಷ್ಟ ತಿಂದವರು ಪಾಲಿಸಿದಾರರೇ. ಹಣಕಾಸು ಮಂತ್ರಿ ಸಿ.ಡಿ. ದೇಶಮುಖರು ರಾಷ್ಟ್ರೀಕರಣಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. 245 ಸಂಸ್ಥೆಗಳು ಒಂದಾದವು. (ನಮ್ಮ ಮೈಸೂರು ಸರ್ಕಾರ 1891ರಲ್ಲೇ ತನ್ನ ನೌಕರರಿಗೆ ವಿಮೆ ಶುರು ಮಾಡಿತ್ತೆಂಬುದು ಹೆಮ್ಮೆಯ ಸಂಗತಿ.)

2000ದಿಂದ ಖಾಸಗಿಯವರು ಮತ್ತೆ ಬಂದರು. ಈಗ ಕಂಪನಿ ಎಡವಿದರೆ ಪ್ರಾಧಿಕಾರ ಮೊದಲು ಆಡಳಿತಾಧಿಕಾರಿಯನ್ನು ಕೂರಿಸುತ್ತದೆ, ಆಮೇಲೆ ಪಾಲಿಸಿಗಳನ್ನು ಗಟ್ಟಿ ಕಂಪನಿಗೆ ವರ್ಗಾಯಿಸಲು ನೋಡುತ್ತದೆ. ಸಹಾರಾ ಲೈಫ್‌ಗೆ 2017ರಲ್ಲಿ ಆದದ್ದು ಇದೇ. ಅದರ ಸುಮಾರು 2 ಲಕ್ಷ ಪಾಲಿಸಿ ಎಸ್‌ಬಿಐ ಲೈಫ್‌ಗೆ ಹೋಗಲಿ ಎಂದು 2023ರ ಜೂನ್‌ನಲ್ಲಿ ಆದೇಶವಾಯಿತು. ಅದೇ ತಿಂಗಳು ಮೇಲ್ಮನವಿ ನ್ಯಾಯಮಂಡಳಿ ತಡೆ ಕೊಟ್ಟಿತು. ದೊಡ್ಡವರ ವ್ಯಾಜ್ಯ, ಕಂತು ಕಟ್ಟಿದವನಿಗೆ ಪರದಾಟ!

ಕೊಳ್ಳುವವರೇ ಸಿಗದೆ ಕಂಪನಿ ಮುಚ್ಚಿದರೆ? ಲಿಕ್ವಿಡೇಟರು ಪ್ರತಿ ಪಾಲಿಸಿಗೂ ಬೆಲೆ ಕಟ್ಟುತ್ತಾರೆ. ಜೀವವಿಮಾ ನಿಧಿ ಪಾಲಿಸಿದಾರರಿಗೇ ಮೀಸಲು, ಷೇರುದಾರರು ಆಮೇಲೆ. ಮುಚ್ಚುವ ಬದಲು ಎಲ್ಲರ ಮೊತ್ತವನ್ನೂ ಇಳಿಸಿ ಕಂಪನಿ ಉಳಿಸುವ ಅಧಿಕಾರವೂ ಕೋರ್ಟಿಗಿದೆ. ಅಂದರೆ ಲಕ್ಷ ಬರೆದ ಕಾಗದಕ್ಕೆ ಲಕ್ಷವೇ ಬಂದೀತೆಂಬ ಭರವಸೆ ಇಲ್ಲ.

ಅಂಗಡಿ, ಸ್ಕೂಟರಿನ ವಿಮೆ ವರ್ಷದ ಲೆಕ್ಕ. ಉಳಿದ ತಿಂಗಳುಗಳ ಕಂತಿನ ಪಾಲು ಬರಬೇಕಾದ ಬಾಕಿಯಾಗಿ ಉಳಿಯುತ್ತದೆ. ಆದರೆ ಆ ಬಾಕಿ ಬರುವತನಕ ಬೆಂಕಿ ಕಾಯುತ್ತದೆಯೇ? ಅಂಥವರು ಕೂಡಲೇ ಬೇರೆ ಕಡೆ ವಿಮೆ ಮಾಡಿಸಬೇಕು.

ಜೀವವಿಮೆಯವರು ಮಾತ್ರ ಗಾಳಿಸುದ್ದಿ ಕೇಳಿ ಕಂತು ನಿಲ್ಲಿಸಬಾರದು. ನಿಲ್ಲಿಸಿದರೆ ಕಂಪನಿ ಮುಳುಗುವ ಮೊದಲೇ ಪಾಲಿಸಿ ಸತ್ತುಹೋಗಬಹುದು. ಏಜೆಂಟರ ಕೈಗೆ ನಗದು ಕೊಟ್ಟವರು ಕಂಪನಿಯ ರಸೀದಿ ಇದೆಯೋ ಇಲ್ಲವೋ ಇವತ್ತೇ ಟ್ರಂಕು ತೆಗೆದು ನೋಡಲಿ.