ಕರಡಿಗೆಯ ಮೈಮೇಲಿನ ಚುಕ್ಕೆಗಳು

ನಮ್ಮ ತಾತನವರು ಧರಿಸುತ್ತಿದ್ದ ಬೆಳ್ಳಿಯ ಗುಂಡಗಡಿಗೆಯೊಂದು ನಮ್ಮ ಮನೆಯಲ್ಲಿದೆ. ಅದರ ಮುಚ್ಚಳದ ಮೇಲೆ ಒಂದು ಬಳ್ಳಿ, ಎರಡು ಹೂವು. ಇವುಗಳ ಸುತ್ತಲೂ ಸಾಸಿವೆಗಿಂತ ಸಣ್ಣವಾದ ನೂರಾರು ಚುಕ್ಕೆಗಳಿದ್ದುವು. ಬೆಳ್ಳಿ ಕಪ್ಪಾಯಿತೆಂದು ಕೆಲವು ವರ್ಷಗಳ ಹಿಂದೆ ನಾನು ಇಷ್ಟಲಿಂಗವನ್ನು ಶುಭ್ರವಸ್ತ್ರದಲ್ಲಿ ಕಟ್ಟಿ ಧರಿಸಿ, ಬರಿಯ ಗಡಿಗೆಯನ್ನು ಪಟ್ಟಣದ ಅಂಗಡಿಯೊಂದಕ್ಕೆ ಒಪ್ಪವಿಡಲು ಕೊಟ್ಟೆನು. ಮರಳಿ ಬಂದಾಗ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಚುಕ್ಕೆಗಳು ಬಹುಪಾಲು ಅಳಿಸಿಹೋಗಿದ್ದುವು. ಹೇಗೆ ಒಪ್ಪವಿಡುವಿರೆಂದು ಮೊದಲೇ ಕೇಳದಿದ್ದ ತಪ್ಪು ನನ್ನದೂ ಹೌದು.

ಆ ಬಳಿಕ ವೃದ್ಧ ಪತ್ತಾರರೊಬ್ಬರ ಬಳಿ ಕುಳಿತು ಈ ಕೆಲಸವನ್ನು ಕಣ್ಣಾರೆ ಕಂಡೆನು. ರಾಳ, ಇಟ್ಟಿಗೆಯ ಪುಡಿ, ಎಣ್ಣೆಗಳನ್ನು ಕಾಯಿಸಿ ಕಲಸಿದ ಹಾಸಿನ ಮೇಲೆ ಬೆಳ್ಳಿಯ ತಗಡನ್ನು ಕೂರಿಸುತ್ತಾರೆ. ಆ ಹಾಸು ಗಟ್ಟಿಯಾಗಿದ್ದರೂ ಪೆಟ್ಟಿಗೆ ತುಸು ಬಾಗುವಂಥದು. ಮೊದಲು ತಗಡಿನ ಹಿಂಬದಿಯಿಂದ ಮೊಂಡು ಉಳಿಯಲ್ಲಿ ತಟ್ಟಿ ಹೂಬಳ್ಳಿಗಳನ್ನು ಉಬ್ಬಿಸುವರು. ಬಳಿಕ ಮಗುಚಿ ಮುಂಬದಿಯಿಂದ ಅಂಚುಗಳನ್ನು ತಿದ್ದುವರು. ಕಡೆಗೆ ಗುಂಡುಮೊನೆಯ ಉಳಿಯಿಂದ ಖಾಲಿ ಜಾಗವನ್ನೆಲ್ಲ ಚುಕ್ಕೆಗಳಿಂದ ತುಂಬುವರು. ಇಲ್ಲಿ ಬೆಳ್ಳಿಯನ್ನು ಕೊರೆದು ತೆಗೆಯುವುದಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸುತ್ತಾರೆ, ಅಷ್ಟೇ. ಆದ್ದರಿಂದ ತೂಕ ಕಡಿಮೆಯಾಗದು.

ತಟ್ಟಿದಷ್ಟೂ ಬೆಳ್ಳಿ ಬಿರುಸಾಗುತ್ತದೆ. ಬಿಡದೆ ತಟ್ಟಿದರೆ ಸೀಳುತ್ತದೆ. ಅದಕ್ಕಾಗಿ ನಡುನಡುವೆ ಹಾಸಿನಿಂದ ಬಿಡಿಸಿ, ಮಬ್ಬುಗೆಂಪು ಬಣ್ಣ ಬರುವವರೆಗೆ ಕಾಯಿಸಿ ಮೆದುಗೊಳಿಸಬೇಕು. ಆ ಬಣ್ಣ ಬಿಸಿಲಿನಲ್ಲಿ ಕಾಣದು. ಹಾಗಾಗಿಯೇ ಪತ್ತಾರರ ಕುಲುಮೆ ಮನೆಯ ಕತ್ತಲ ಮೂಲೆಯಲ್ಲಿತ್ತು! ಶುದ್ಧ ಬೆಳ್ಳಿ ಕರಗುವುದು ಸುಮಾರು ೯೬೨ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅದು ಆಭರಣಕ್ಕೆ ತೀರ ಮೆತ್ತಗಾಗುವುದರಿಂದ ತಾಮ್ರ ಬೆರೆಸುವುದು ರೂಢಿ. ೯೨೫ ಎಂಬ ಮುದ್ರೆಯಿದ್ದರೆ ಸಾವಿರ ಪಾಲಿನಲ್ಲಿ ೯೨೫ ಬೆಳ್ಳಿ ಎಂದರ್ಥ. ಕಾಯಿಸಿದಾಗ ಈ ತಾಮ್ರವೇ ಮೇಲೆ ಕಪ್ಪು ಕಟ್ಟುವುದು; ಹುಣಸೆಯ ಹುಳಿನೀರಿನಲ್ಲಿ ಕುದಿಸಿದರೆ ಬಿಡುತ್ತದೆ.

ಇಷ್ಟೆಲ್ಲ ಶ್ರಮ ಬರಿಯ ಅಲಂಕಾರಕ್ಕಲ್ಲ. ನುಣುಪಾದ ಬೆಳ್ಳಿಯ ಮೇಲೆ ಒಂದು ಗೀರು ಬಿದ್ದರೂ ಎದ್ದು ಕಾಣುತ್ತದೆ. ಚುಕ್ಕೆಯ ನೆಲದಲ್ಲಿ ಅದು ಅಡಗುತ್ತದೆ. ಉಬ್ಬುತಗ್ಗುಗಳಿಂದ ತೆಳುವಾದ ತಗಡಿಗೂ ಬಿಗಿ ಬರುತ್ತದೆ. ಚುಕ್ಕೆಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ನೆಲ ಮಂಕಾಗಿ, ಹೂವು ಬೆಳಗುತ್ತದೆ. ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುವುದುಂಟಷ್ಟೆ. ಆ ಕಪ್ಪು ತಗ್ಗುಗಳಲ್ಲಿ ನಿಂತು, ಉಬ್ಬಿದ ಭಾಗವು ಮೈಯುಡುಗೆಯ ಒರಸಿಗೆ ತಾನೇ ಬೆಳ್ಳಗಾಗುವುದು. ನಾನು ಕೊಳೆಯೆಂದು ತಿಳಿದದ್ದು ಚಿತ್ರದ ನೆರಳಾಗಿತ್ತು.

ಅಚ್ಚಿನಲ್ಲಿ ಒಂದೇ ಪೆಟ್ಟಿಗೆ ಒತ್ತಿದ ಕರಡಿಗೆಗಳೂ ಈಗ ದೊರೆಯುತ್ತವೆ. ಕೂಲಿ ಕಡಿಮೆ, ಎಲ್ಲರ ಕೈಗೂ ಎಟುಕುತ್ತವೆ. ಅವನ್ನು ಹಳಿಯಲಾರೆ. ಆದರೆ ಹಳೆಯದನ್ನು ಕರಗಿಸಲು ಕೊಟ್ಟು ಹೊಸದನ್ನು ತರುವ ಮುನ್ನ ಮುಚ್ಚಳದ ಒಳಬದಿಯನ್ನೊಮ್ಮೆ ನೋಡಿರಿ. ಸಾಲು ತುಸು ಓರೆಯಾಗಿ, ಒಂದು ಚುಕ್ಕೆ ಆಳ, ಇನ್ನೊಂದು ಮೇಲು ಎಂಬಂತಿದ್ದರೆ ಅದು ಕೈಕೆಲಸ. ತೂಗುವಾಗ ಅಂಗಡಿಯವರು ಅದಕ್ಕೆ ಬೆಲೆ ಕಟ್ಟುವುದಿಲ್ಲ.

ತಾಯಂದಿರು ಗಮನಿಸಬೇಕಾದದ್ದು: ವಿಭೂತಿಯ ಪುಡಿ ಚುಕ್ಕೆಗಳಲ್ಲಿ ಕೂತು ಗಟ್ಟಿಯಾಗುತ್ತದೆ. ಅಂಟುವಾಳದ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಮೆತ್ತನೆಯ ಕುಂಚದಿಂದ ತೆಗೆದು, ತೇವವಿಲ್ಲದಂತೆ ಒರಸಿದರೆ ಸಾಕು. ಒರಟು ಹಲ್ಲುಪುಡಿ ಬೇಡ. ರಬ್ಬರಿನೊಡನೆ ಕಟ್ಟಿಡುವುದೂ ಬೇಡ, ಅದರಲ್ಲಿ ಗಂಧಕವಿದೆ. ಅಂಗಡಿಗೇ ಕೊಡುವುದಾದರೆ, ತಿರುಗುವ ಚಕ್ರಕ್ಕೆ ಹಿಡಿಯಬಾರದೆಂದು ಮುಂಚೆಯೇ ಸ್ಪಷ್ಟವಾಗಿ ಹೇಳಿರಿ.

ನಮ್ಮ ಗಡಿಗೆಗೆ ಮತ್ತೆ ಚುಕ್ಕೆ ಹೊಡೆಯಲಾದೀತೇ ಎಂದು ಆ ಪತ್ತಾರರನ್ನು ಕೇಳಿದೆನು. ಅವರು ಮುಚ್ಚಳವನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿ, “ತಗಡು ಸವೆದದ, ಸ್ವಾಮೇರ. ಇನ್ನ ಉಳಿ ತಾಳಂಗಿಲ್ಲ” ಎಂದು ಕೈಗಿತ್ತರು.